ಮಕ್ಕಳು, ಅಜ್ಜಿ-ಅಜ್ಜನ ಜೊತೆ ಕುಮಟಾ, ಗೋಕರ್ಣ, ಹೊನ್ನಾವರದ ಸುಲಭ ನಡಿಗೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾ ನನ್ನ ತವರು. ರಜೆ ಶುರುವಾಗುತ್ತಿದ್ದ ಹಾಗೆ ಬೆಂಗಳೂರು, ಹುಬ್ಬಳ್ಳಿ ಕಡೆಯ ನೆಂಟರು, ಅವರ ಗೆಳೆಯರು, ಆ ಗೆಳೆಯರ ಅಕ್ಕ-ಭಾವಂದಿರು ಎಲ್ಲ ಫೋನ್ ಮಾಡಿ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಮಕ್ಕಳಿದ್ದಾರೆ, ಅಮ್ಮನಿಗೆ ಮಂಡಿನೋವು, ಟ್ರೆಕ್ಕಿಂಗ್ ಆಗುವುದಿಲ್ಲ, ಹಾಗಂತ ಕಾರಲ್ಲೇ ಕೂತು ನೋಡಿ ವಾಪಸ್ ಬರುವುದಕ್ಕೂ ಮನಸ್ಸಿಲ್ಲ. ಅಂಥವರಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ಕಾಡು, ಕಡಲು, ಹಳೇ ಕೋಟೆ ಮೂರೂ ಇಷ್ಟು ಹತ್ತಿರ ಹತ್ತಿರ ಸಿಗುವ ಜಾಗ ಕಡಿಮೆ.

ಎಲ್ಲಕ್ಕಿಂತ ಸುಲಭದ ನಡಿಗೆ ಯಾವುದು?

ಹೊನ್ನಾವರದ ಶರಾವತಿ ಕಾಂಡ್ಲಾ ನಡಿಗೆ. ನದಿ ಸಮುದ್ರ ಸೇರುವ ಕಡೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಡಿಗೆ ನಮ್ಮಲ್ಲಿ ಕಾಂಡ್ಲಾ ಅನ್ನುತ್ತಾರೆ. ಅದರ ನಡುವೆ ಅರಣ್ಯ ಇಲಾಖೆಯವರು ಹಲಗೆ ಹಾಸಿ ದಾರಿ ಮಾಡಿದ್ದಾರೆ. ಏರು ಇಲ್ಲ, ಇಳಿಜಾರು ಇಲ್ಲ, ಮೇಲೆ ಮರಗಳ ನೆರಳು. ಅಜ್ಜಿ ಕೋಲು ಊರಿಕೊಂಡು ಆರಾಮಾಗಿ ಬರಬಹುದು, ಆದರೆ ಕೋಲಿನ ತುದಿ ಹಲಗೆಯ ಸಂದಿಗೆ ಸಿಕ್ಕಿಕೊಳ್ಳದ ಹಾಗೆ ಒಬ್ಬರು ಪಕ್ಕದಲ್ಲಿರಿ.

ಇಲ್ಲಿಗೆ ನೀರು ಇಳಿದಿರುವ ಹೊತ್ತಿನಲ್ಲಿ ಹೋಗಿ. ನೀರು ತುಂಬಿದಾಗ ಫೋಟೊ ಚೆನ್ನಾಗಿ ಬರುತ್ತದೆ, ನಿಜ. ಆದರೆ ಮಕ್ಕಳಿಗೆ ಬೇಕಾದದ್ದೆಲ್ಲ ಕೆಸರಲ್ಲೇ ಇರುವುದು. ಒಂದು ಕೈ ಮಾತ್ರ ದೊಡ್ಡದಿರುವ ಏಡಿಗಳು, ಕೆಸರ ಮೇಲೆ ಕುಪ್ಪಳಿಸುವ ಪುಟ್ಟ ಮೀನು, ಉಸಿರಾಡಲು ನೆಲದಿಂದ ಮೇಲೆದ್ದು ನಿಂತ ಬೇರುಗಳು. ಸುಮ್ನೆ ಎರಡು ನಿಮಿಷ ಅಲುಗಾಡದೆ ನಿಂತರೆ ಬಿಲದೊಳಗೆ ಹೋಗಿದ್ದ ಏಡಿಗಳೆಲ್ಲ ಮತ್ತೆ ಹೊರಗೆ ಬರುತ್ತವೆ. ನನ್ನ ತಂಗಿಯ ಮಗ ಒಂದು ಕಡೆ ಕೂತವನು ಅರ್ಧ ಗಂಟೆ ಏಳಲೇ ಇಲ್ಲ, ನಾವೂ ಕೂತೆವು.

ಐದು ವರ್ಷದ ಮಗು ಯಾಣಕ್ಕೆ ನಡೆಯುತ್ತದಾ?

ನಡೆಯುತ್ತದೆ. ಮೊದಲು ಯಾಣ ಎಂದರೆ ಜನ ಹೆದರುತ್ತಿದ್ದರು. "ಸೊಕ್ಕಿದ್ದವರು ಯಾಣಕ್ಕೆ, ರೊಕ್ಕ ಇದ್ದವರು ಗೋಕರ್ಣಕ್ಕೆ" ಅನ್ನುವ ಗಾದೆ ಹುಟ್ಟಿದ್ದೇ ಆ ಕಾಲದಲ್ಲಿ, ದಟ್ಟ ಕಾಡಲ್ಲಿ ದಿನವಿಡೀ ನಡೆಯುವ ತಾಕತ್ತು ಇದ್ದವರಿಗೆ ಮಾತ್ರ ಅದು ಸಾಧ್ಯವಿತ್ತು. ಈಗ ಹಾಗಿಲ್ಲ. ಕುಮಟಾದಿಂದ ಸುಮಾರು 30 ಕಿಲೋಮೀಟರ್, ವಾಹನ ನಿಲ್ಲಿಸುವ ಜಾಗದಿಂದ ಮುಂದೆ ಒಂದು ಕಿಲೋಮೀಟರಿನ ಆಸುಪಾಸು ಕಾಡಿನ ದಾರಿ, ಕೊನೆಯಲ್ಲಿ ಮೆಟ್ಟಿಲು. ದೊಡ್ಡವರು ಒಬ್ಬರೇ ಹೋದರೆ ಇಪ್ಪತ್ತು ನಿಮಿಷ ಸಾಕು, ಮಗುವಿನ ಜೊತೆ ಒಂದು ಗಂಟೆ ಇಟ್ಟುಕೊಳ್ಳಿ.

ಮರಗಳ ನಡುವೆ ನಡೆಯುತ್ತಾ ಇದ್ದ ಹಾಗೆ ಒಂದು ತಿರುವಿನಲ್ಲಿ ಕಪ್ಪು ಬಂಡೆ ಎದ್ದು ನಿಂತಿರುತ್ತದೆ ನೋಡಿ, ಆ ಕ್ಷಣಕ್ಕೆ ಮಕ್ಕಳ ಮಾತು ನಿಂತುಹೋಗುತ್ತದೆ. ಭೈರವೇಶ್ವರ ಶಿಖರ 120 ಮೀಟರ್, ಪಕ್ಕದ ಮೋಹಿನಿ ಶಿಖರ 90 ಮೀಟರ್. ಭಸ್ಮಾಸುರನ ಕತೆಯನ್ನು ದಾರಿಯಲ್ಲೇ ಹೇಳಿಕೊಂಡು ಹೋಗಿ, ಅವನು ಸುಟ್ಟು ಬೂದಿಯಾದ್ದರಿಂದಲೇ ಇಲ್ಲಿನ ಮಣ್ಣು ಕಪ್ಪು ಅನ್ನುವುದು ಊರಿನವರ ನಂಬಿಕೆ. ಮೋಹಿನಿ ಯಾವುದು, ಭೈರವ ಯಾವುದು ಎಂದು ಮಕ್ಕಳೇ ಹುಡುಕುತ್ತಾ ಬೇಗ ಬೇಗ ಹೆಜ್ಜೆ ಹಾಕುತ್ತಾರೆ.

ದೇವಸ್ಥಾನದಿಂದ ಬಂಡೆಯ ಸೀಳಿನೊಳಗೆ ಹೋಗುವಾಗ ಚಪ್ಪಲಿ ಬಿಡಬೇಕು. ಒಳಗೆ ನೀರು ಜಿನುಗಿ ಜಾರುತ್ತದೆ, ಕಲ್ಲು ಚೂಪಾಗಿದೆ, ಮಗುವನ್ನು ಎತ್ತಿಕೊಂಡು ಹೋಗುವುದಕ್ಕಿಂತ ಕೈ ಹಿಡಿದು ನಡೆಸುವುದೇ ಒಳ್ಳೆಯದು. ಮಂಡಿನೋವು ಇದ್ದವರು ದೇವರ ದರ್ಶನ ಮಾಡಿ ಅಲ್ಲೇ ಕೂತುಬಿಡಲಿ. ಶಿವರಾತ್ರಿ ಜಾತ್ರೆಯ ಹೊತ್ತಿನಲ್ಲಿ ಸಣ್ಣ ಮಕ್ಕಳನ್ನು ಕರೆದುಕೊಂಡು ಬರಬೇಡಿ, ಅಷ್ಟು ಜನ.

ಯಾಣದಲ್ಲಿ ಜೇನು ಕಚ್ಚುತ್ತದಂತೆ, ಹೌದಾ?

ಬಂಡೆಯ ಮೇಲೆ ದೊಡ್ಡ ದೊಡ್ಡ ಹೆಜ್ಜೇನು ಗೂಡುಗಳಿವೆ. ಅವುಗಳ ಪಾಡಿಗೆ ಬಿಟ್ಟರೆ ಏನೂ ಮಾಡುವುದಿಲ್ಲ. ಕೂಗಬೇಡಿ, ಕಲ್ಲು ಎಸೆಯಬೇಡಿ, ಹೊಗೆ ಬೇಡ, ಜಾಸ್ತಿ ಸೆಂಟು ಹಾಕಿಕೊಂಡು ಬರಬೇಡಿ. ಪ್ರತಿಧ್ವನಿ ಕೇಳಲೆಂದು ಮಕ್ಕಳಿಂದ ಕೂಗಿಸುವ ಅಪ್ಪಂದಿರನ್ನು ನಾನೇ ಎಷ್ಟೋ ಸಲ ಕೈಮುಗಿದು ನಿಲ್ಲಿಸಿದ್ದೇನೆ.

ಮಿರ್ಜಾನ ಕೋಟೆಗೆ ಎಷ್ಟು ಹೊತ್ತು ಬೇಕು?

ಹೆಚ್ಚಿನವರು ಇಪ್ಪತ್ತು ನಿಮಿಷಕ್ಕೆ ಫೋಟೊ ತೆಗೆದು ಹೊರಟುಬಿಡುತ್ತಾರೆ. ನನ್ನ ಕೇಳಿದರೆ ಎರಡು ಗಂಟೆ ಕೊಡಿ. ಕುಮಟಾದಿಂದ 11 ಕಿಲೋಮೀಟರ್, ಹೆದ್ದಾರಿಯಿಂದ ಅರ್ಧ ಕಿಲೋಮೀಟರ್ ಒಳಗೆ, ಅಘನಾಶಿನಿ ನದಿಯ ಕಡೆಗೆ. ಸುಮಾರು 10 ಎಕರೆ ಜಾಗ, ಪೂರ್ತಿ ಚಿರೇಕಲ್ಲಿನ (ಜಂಬಿಟ್ಟಿಗೆ) ಗೋಡೆ. ಸುತ್ತ ಕಂದಕ, ಒಳಗೆ ದೊಡ್ಡ ಬಾವಿಗಳು, ದರ್ಬಾರು ನಡೆಯುತ್ತಿದ್ದ ಕಟ್ಟಡದ ಅಡಿಪಾಯ, ಕಾವಲು ಬುರುಜು. ಬಾಗಿಲಿಂದ ಶುರುಮಾಡಿ ಬುರುಜು, ಬಾವಿ, ಮರದ ನೆರಳು, ಮತ್ತೆ ಬಾಗಿಲು ಎಂದು ಒಂದು ಸುತ್ತು ಹಾಕಿದರೆ ಕುಟುಂಬದ ನಡಿಗೆಗೆ ಅದು ಹದವಾದ ಅಳತೆ.

2000-01ರಲ್ಲಿ ಪುರಾತತ್ವ ಇಲಾಖೆಯವರು ಇಲ್ಲಿ ಅಗೆತ ಮಾಡಿದರು. ನಾನು ಚಿಕ್ಕವಳಿದ್ದಾಗ ಪೊದೆ ಬೆಳೆದು ಮುಚ್ಚಿಹೋಗಿದ್ದ ಕೋಟೆ ಇದು, ಆಮೇಲೆ ಅಡಿಪಾಯಗಳೆಲ್ಲ ಹೊರಗೆ ಬಂದು ಯಾವುದು ಕೋಣೆ, ಯಾವುದು ದಾರಿ ಎಂದು ಕಣ್ಣಿಗೆ ಕಾಣುವ ಹಾಗಾಯಿತು.

ಈ ಕೋಟೆ ಯಾರದ್ದು? ಮಕ್ಕಳು ಕೇಳಿದರೆ ಏನು ಹೇಳಲಿ?

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕತೆ ಹೇಳಿ. ಕೋಟೆ ಕಟ್ಟಿಸಿದ್ದು ಆಕೆಯೇ ಎಂಬುದು ಇಲ್ಲಿಯವರ ಮಾತು. 1552ರಿಂದ 1606ರವರೆಗೆ, ಅಂದರೆ 54 ವರ್ಷ ಆಳಿದ ಹೆಂಗಸು. ಈ ಕರಾವಳಿಯ ಕಾಳುಮೆಣಸಿನ ವ್ಯಾಪಾರ ಆಕೆಯ ಹಿಡಿತದಲ್ಲಿತ್ತು, ಅದಕ್ಕೇ ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೇಲಿನ ಮೆಣಸು ಹೊಳೆಯ ದಾರಿಯಲ್ಲಿ ಇಳಿದು ಬಂದು ಇಲ್ಲಿಂದ ಹಡಗು ಹತ್ತುತ್ತಿತ್ತು. ಕೊನೆಗೆ ಕೆಳದಿಯ ಅರಸರ ಕೈಗೆ ರಾಜ್ಯ ಹೋಯಿತು.

ನಾನು ಹೋಗುವಾಗ ಕಿಸೆಯಲ್ಲಿ ಹತ್ತು ಕಾಳುಮೆಣಸು ಇಟ್ಟುಕೊಂಡು ಹೋಗುತ್ತೇನೆ. ಬುರುಜಿನ ಮೇಲೆ ಕೂರಿಸಿ ಒಂದೊಂದು ಕಾಳು ಮಕ್ಕಳ ಕೈಗೆ ಕೊಟ್ಟು, ಇದಕ್ಕಾಗಿ ಅಷ್ಟು ದೂರದಿಂದ ಹಡಗು ಬರುತ್ತಿದ್ದವು ಎಂದರೆ ಮೂಸಿ ನೋಡುತ್ತಾರೆ, ಕಚ್ಚುತ್ತಾರೆ, ಮುಖ ಕಿವುಚುತ್ತಾರೆ. ಆದರೆ ರಾಣಿಯ ಹೆಸರು ಮರೆಯುವುದಿಲ್ಲ.

ಕೋಟೆ ಗೋಡೆ ಹತ್ತಬಹುದಾ?

ಮೆಟ್ಟಿಲು ಇದ್ದಲ್ಲಿ ಹತ್ತಿ. ಗೋಡೆಯ ಅಂಚಿನ ಮೇಲೆ ನಡೆಯಬೇಡಿ, ಚಿರೇಕಲ್ಲು ಎಲ್ಲಿ ಸಡಿಲವಾಗಿದೆ ಎಂದು ಮೇಲಿಂದ ಗೊತ್ತಾಗುವುದಿಲ್ಲ. ಬಾವಿಗಳ ಹತ್ತಿರ ಮಕ್ಕಳ ಕೈ ಬಿಡಲೇಬೇಡಿ. ಇನ್ನೊಂದು ಮಾತು, ಇದು ಕಾಯ್ದೆಯ ರಕ್ಷಣೆಯಲ್ಲಿರುವ ಸ್ಮಾರಕ. ಗೋಡೆ ಮೇಲೆ ಹೆಸರು ಕೊರೆದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಆ ಕಲ್ಲಿನ ಮೇಲೆ ಕೀಲಿಕೈಯಿಂದ ಗೀಚಿದ ಹೆಸರುಗಳನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ರಾಣಿಯ ಊರು ಗೇರುಸೊಪ್ಪೆಯಲ್ಲಿ ನೋಡಲು ಏನಾದರೂ ಉಳಿದಿದೆಯಾ?

ಉಳಿದಿದೆ, ಮತ್ತು ನನಗೆ ಮಿರ್ಜಾನಕ್ಕಿಂತ ಅದೇ ಇಷ್ಟ. ಶರಾವತಿಯ ಆಚೆ ದಡದಲ್ಲಿ ನಗರಬಸ್ತಿಕೇರಿ ಎಂಬ ಜಾಗ. ಹೆಸರಲ್ಲೇ ನಗರ ಇದೆ, ಈಗ ಸುತ್ತ ಕಾಡು. ಅದರ ನಡುವೆ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೂ ಬಾಗಿಲು. ಬೆಳಿಗ್ಗೆ ಹೋದರೆ ಹಕ್ಕಿಗಳ ಸದ್ದು ಬಿಟ್ಟು ಬೇರೆ ಏನೂ ಇರುವುದಿಲ್ಲ. ಆಸುಪಾಸಿನಲ್ಲಿ ಬೇರೆ ಬಸದಿಗಳೂ ಇವೆ. ನಡಿಗೆ ಜಾಸ್ತಿ ಇಲ್ಲ, ನೆಲ ಮಟ್ಟಸ. ಹೊನ್ನಾವರದಿಂದ ಜೋಗದ ಕಡೆ ಹೋಗುವವರು ಎರಡು ಗಂಟೆ ಮೊದಲೇ ಹೊರಟು ಇಲ್ಲಿಗೆ ಹೋಗಿ ಬನ್ನಿ. ದಾರಿಯನ್ನು ಮೊಬೈಲಿಗಿಂತ ಊರಿನವರನ್ನೇ ಕೇಳಿ. ಆದರೆ ನದಿಗೆ ಮಾತ್ರ ಇಳಿಯಬೇಡಿ. ಮೇಲೆ ಅಣೆಕಟ್ಟೆ ಇದೆ, ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಮಟ್ಟ ಏಕಾಏಕಿ ಏರುತ್ತದೆ.

ಗೋಕರ್ಣದಲ್ಲಿ ಕಡಲ ದಂಡೆಯ ನಡಿಗೆ ಎಲ್ಲಿಂದ ಎಲ್ಲಿಗೆ ಮಾಡಬೇಕು?

ಕುಟುಂಬಕ್ಕೆ ಕುಡ್ಲೆಯಿಂದ ಓಂ ಬೀಚಿನವರೆಗೆ. ಅಷ್ಟೇ ಸಾಕು. ಕುಡ್ಲೆಯ ಮರಳಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ದಕ್ಷಿಣದ ತುದಿಯಲ್ಲಿ ಗುಡ್ಡ ಹತ್ತಿ, ಚಿರೇಕಲ್ಲಿನ ಬಯಲು ದಾಟಿ ಆಚೆ ಇಳಿದರೆ ಓಂ ಬೀಚು. ಗುಡ್ಡದ ದಾರಿ ಮಾತ್ರ ಎಂದರೆ ಸುಮಾರು 20-25 ನಿಮಿಷ, ಮಕ್ಕಳ ಜೊತೆ 45 ಎಂದುಕೊಳ್ಳಿ. ಮೇಲಿಂದ ನೋಡಿದಾಗ ಎರಡು ಅರ್ಧಚಂದ್ರ ಸೇರಿ ಓಂ ಆಕಾರ ಯಾಕೆ ಎಂದು ಗೊತ್ತಾಗುತ್ತದೆ, ಕೆಳಗೆ ಮರಳಲ್ಲಿ ನಿಂತರೆ ಅದು ಕಾಣುವುದಿಲ್ಲ.

ಓಂ ಬೀಚಿಗೆ ರಸ್ತೆ ಇದೆ, ಆಟೊ ಸಿಗುತ್ತದೆ. ಹಾಗಾಗಿ ಬಂದ ದಾರಿಯಲ್ಲೇ ಸುಸ್ತಾಗಿ ವಾಪಸ್ ನಡೆಯುವ ಕಷ್ಟವಿಲ್ಲ. ಗುಡ್ಡ ಹತ್ತಲು ಆಗದ ಅಜ್ಜಿ ಆಟೊದಲ್ಲಿ ನೇರ ಓಂ ಬೀಚಿಗೆ ಬಂದು ಕಾಯಲಿ, ಆದರೆ ಅಲ್ಲೂ ಮೇಲಿಂದ ಮರಳಿಗೆ ಇಳಿಯಲು ಮೆಟ್ಟಿಲಿದೆ ಎಂದು ಮೊದಲೇ ಹೇಳಿ ಕರೆತನ್ನಿ.

ಮುಂದೆ ಹಾಫ್ ಮೂನ್, ಪ್ಯಾರಡೈಸ್‌ವರೆಗೂ ಹೋಗಬಹುದಲ್ವಾ?

ಹತ್ತು ವರ್ಷ ದಾಟಿದ, ನಡೆದು ಅಭ್ಯಾಸ ಇರುವ ಮಕ್ಕಳಾದರೆ ಹಾಫ್ ಮೂನ್‌ವರೆಗೆ ಸರಿ. ಅದರಾಚೆ ಬೇಡ. ದಾರಿ ಕಿರಿದು, ಒಂದು ಪಕ್ಕ ಕಲ್ಲು, ಇನ್ನೊಂದು ಪಕ್ಕ ಸಮುದ್ರ, ನೆರಳು ಕಡಿಮೆ.

ಒಂದು ಏಪ್ರಿಲ್‌ನಲ್ಲಿ ನಾವು ತಪ್ಪು ಮಾಡಿದೆವು. ಬೆಳಿಗ್ಗೆ 11 ಗಂಟೆಗೆ, ನಾಲ್ಕು ಜನಕ್ಕೆ ಎರಡು ಬಾಟಲಿ ನೀರು ಹಿಡಿದು ಓಂ ಬೀಚಿಂದ ಹೊರಟೆವು. ವಾಪಸ್ ಕರೆದುಕೊಂಡು ಬರಲು ದೋಣಿ ಕಳಿಸುತ್ತೇವೆ ಎಂದವರು ಕಳಿಸಲಿಲ್ಲ. ಬಿಸಿಲಿಗೆ ಚಿರೇಕಲ್ಲು ಕಾವಲಿ ಹಾಗೆ ಕಾಯ್ದಿತ್ತು. ನಮ್ಮ ಜೊತೆಗಿದ್ದ ಎಂಟು ವರ್ಷದ ಹುಡುಗಿ ವಾಂತಿ ಮಾಡಿಕೊಂಡಳು, ತಲೆ ಸುತ್ತು ಎಂದಳು. ಅಲ್ಲಿದ್ದ ಮೀನುಗಾರರ ಮನೆಯ ಹೆಂಗಸರು ಒದ್ದೆ ಬಟ್ಟೆ ಹಾಕಿ, ಉಪ್ಪು ಸಕ್ಕರೆ ಹಾಕಿದ ನಿಂಬೆ ನೀರು ಕುಡಿಸಿ ಮಲಗಿಸಿಕೊಂಡರು. ಸಂಜೆವರೆಗೆ ಅಲ್ಲೇ ಇದ್ದೆವು. ಅವತ್ತಿನಿಂದ ನಾನು ಎರಡು ನಿಯಮ ಬಿಡುವುದಿಲ್ಲ: ಬೆಳಿಗ್ಗೆ 9ರೊಳಗೆ ನಡಿಗೆ ಮುಗಿಯಬೇಕು ಇಲ್ಲವೇ ಸಂಜೆ 4ರ ಮೇಲೆ ಶುರುವಾಗಬೇಕು. ದೋಣಿ ನಂಬಿ ಹೊರಡಬಾರದು, ನಡೆದು ವಾಪಸ್ ಬರಲು ಆಗುವಷ್ಟೇ ದೂರ ಹೋಗಬೇಕು.

ಸಮುದ್ರಕ್ಕೆ ಇಳಿಯಬಹುದಾ?

ಪಾದ ನೆನೆಸಿಕೊಳ್ಳಿ. ಈಜು ಬರುತ್ತದೆ ಎಂಬ ಧೈರ್ಯದಲ್ಲೇ ಎಷ್ಟೋ ಜನ ಮುಳುಗುವುದು. ಅಕ್ಕಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ ಕಂಡರೆ ಅಲ್ಲಿಗೆ ಹೋಗಲೇಬೇಡಿ, ದಡಕ್ಕೆ ಬಂದ ನೀರು ಅಲ್ಲಿಂದಲೇ ಒಳಕ್ಕೆ ಎಳೆದುಕೊಂಡು ಹೋಗುತ್ತಿರುತ್ತದೆ. ಅದರಲ್ಲಿ ಸಿಕ್ಕರೆ ನೇರ ದಡಕ್ಕೆ ಈಜಬಾರದು, ಮೊದಲು ದಡದ ಉದ್ದಕ್ಕೆ ಪಕ್ಕಕ್ಕೆ ಸರಿದು ಆ ಸೆಳೆತದಿಂದ ಹೊರಗೆ ಬರಬೇಕು. ಕಲ್ಲುಬಂಡೆಯ ಮೇಲೆ ಬೆನ್ನು ಸಮುದ್ರಕ್ಕೆ ಮಾಡಿ ಸೆಲ್ಫಿ ಬೇಡ. ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಮೇಲೆ ಬನ್ನಿ.

ನೀರಾಟ ಬೇಕೇಬೇಕು ಎನ್ನುವ ಮಕ್ಕಳಿದ್ದರೆ ಹೊನ್ನಾವರದ ಹತ್ತಿರ ಕಾಸರಕೋಡ ಇಕೋ ಬೀಚಿಗೆ ಕರೆದುಕೊಂಡು ಹೋಗಿ. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ) ಸಿಕ್ಕಿದ ಕರ್ನಾಟಕದ ಎರಡು ಬೀಚುಗಳಲ್ಲಿ ಇದೊಂದು, ಇನ್ನೊಂದು ಪಡುಬಿದ್ರಿ. ಅಲ್ಲಿಂದ ಅಪ್ಸರಕೊಂಡ ಹತ್ತಿರ, ಒಂದೇ ಬೆಳಗಿಗೆ ಸಣ್ಣ ಜಲಪಾತವೂ ಗುಡ್ಡದ ಮೇಲಿಂದ ಕಡಲೂ ಸಿಗುತ್ತದೆ.

ಭರತ, ಇಳಿತದ ಹೊತ್ತು ಹೇಗೆ ತಿಳಿಯುವುದು?

ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇವತ್ತು ಯಾವ ಹೊತ್ತಿಗೋ ನಾಳೆ ಅದಕ್ಕಿಂತ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಜಾಸ್ತಿ ಏರುತ್ತದೆ. ಮೊಬೈಲಲ್ಲಿ ನೋಡಬಹುದು, ಬಲೆ ಸರಿಮಾಡುತ್ತಾ ಕೂತ ಮೀನುಗಾರರನ್ನು ಕೇಳಿದರೆ ಇನ್ನೂ ಸರಿಯಾಗಿ ಹೇಳುತ್ತಾರೆ.

ಮಳೆಗಾಲದಲ್ಲಿ ಬಂದರೆ?

ಮಿರ್ಜಾನ ಕೋಟೆ ಮಳೆಗಾಲದಲ್ಲಿ ನೋಡುವ ಹಾಗಿರುತ್ತದೆ, ಗೋಡೆಯೆಲ್ಲ ಹಸಿರು. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಣ್ಣ ಮಕ್ಕಳ ಜೊತೆ ನಡಿಗೆಗೆಂದೇ ಬರುವುದು ಬೇಡ ಅನ್ನುತ್ತೇನೆ. ಪಾಚಿಗೆ ಕಾಲು ಜಾರುತ್ತದೆ, ಹಳ್ಳಗಳು ಗಂಟೆಯೊಳಗೆ ತುಂಬುತ್ತವೆ, ಸಮುದ್ರದ ಹತ್ತಿರವೂ ಹೋಗುವ ಹಾಗಿಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರು ಜೀವ ಕಳೆದುಕೊಂಡದ್ದನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಜಿಲ್ಲಾಡಳಿತ ರೆಡ್ ಅಲರ್ಟ್ ಕೊಟ್ಟ ದಿನ ರೂಮಿನ ದುಡ್ಡು ಹೋದರೂ ಹೋಗಲಿ, ಹೊರಡಬೇಡಿ.

ಒಳ್ಳೆಯ ಸಮಯ ಎಂದರೆ ಅಕ್ಟೋಬರ್ ಕೊನೆಯಿಂದ ಫೆಬ್ರುವರಿ.

ಉಂಬಳ (ಜಿಗಣೆ) ಹತ್ತಿದರೆ ಏನು ಮಾಡುವುದು?

ಹೆದರಬೇಡಿ. ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ಬಿಡುತ್ತದೆ, ಆಮೇಲೆ ತೊಳೆದು ಒತ್ತಿ ಹಿಡಿಯಿರಿ. ರಕ್ತ ಸ್ವಲ್ಪ ಹೊತ್ತು ಬರುತ್ತದೆ, ಅಷ್ಟೇ. ಮಳೆ ನಿಂತು ನೆಲ ಒಣಗಿದ ಮೇಲೆ ಉಂಬಳ ಕಾಣುವುದೇ ಅಪರೂಪ.

ಉಂಬಳಕ್ಕಿಂತ ನೀವು ಯೋಚಿಸಬೇಕಾದ್ದು ಉಣ್ಣೆ ಹುಳದ (ಉಣುಗು) ಬಗ್ಗೆ. ಬೇಸಿಗೆಯ ಕಾಡಲ್ಲಿ, ಒಣಗಿದ ಎಲೆಗಳಲ್ಲಿ ಇರುತ್ತವೆ, ಕಚ್ಚಿದ್ದೇ ಗೊತ್ತಾಗುವುದಿಲ್ಲ. ಮಂಗನ ಕಾಯಿಲೆ ಹರಡುವುದು ಅವುಗಳಿಂದ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾದ ಕಾಯಿಲೆ, ನಮ್ಮ ಸಿದ್ದಾಪುರ ತಾಲೂಕಿನಲ್ಲೂ ಜನ ಇದರಿಂದ ತೀರಿಕೊಂಡಿದ್ದಾರೆ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಹಾಗಂತ ಕಾಡಿಗೇ ಹೋಗಬಾರದು ಅಂತಲ್ಲ. ದಾರಿ ಬಿಟ್ಟು ಒಳಗೆ ನುಗ್ಗಬೇಡಿ, ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಬೇಡಿ, ಉದ್ದ ತೋಳು, ಉದ್ದ ಪ್ಯಾಂಟು ಹಾಕಿ ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಉಣ್ಣೆ ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ವಾಪಸ್ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಊರಿಗೆ ಹೋಗಿ ಒಂದು ವಾರ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದೆವು ಎಂದು ಮೊದಲೇ ಹೇಳಿ. ಬೆಂಗಳೂರಿನ ಡಾಕ್ಟರಿಗೆ ನೀವು ಹೇಳದಿದ್ದರೆ ಅದು ಹೊಳೆಯುವುದು ಕಷ್ಟ.

ಬ್ಯಾಗಲ್ಲಿ ಏನಿರಬೇಕು?

ತಲೆಗೊಂದು ಲೀಟರ್ ನೀರು, ಟೋಪಿ, ಒಂದು ಹಳೇ ಟವೆಲ್, ಪೊಟ್ಟಣದಲ್ಲಿ ಉಪ್ಪು, ಓಆರ್‌ಎಸ್, ಟಾರ್ಚು. ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಕ್ಯಾನ್ವಾಸ್ ಶೂ, ಹವಾಯಿ ಚಪ್ಪಲಿ ಬೇಡ. ಮಗುವಿನ ತಳ್ಳುಗಾಡಿ ತರಬೇಡಿ, ಮರಳಲ್ಲೂ ಓಡುವುದಿಲ್ಲ, ಕೋಟೆಯಲ್ಲೂ ಓಡುವುದಿಲ್ಲ. ಹಳೇ ಹತ್ತಿ ಸೀರೆಯ ಜೋಳಿಗೆ ಕಟ್ಟಿ ಬೆನ್ನಿಗೆ ಹಾಕಿಕೊಂಡರೆ ಎಲ್ಲ ಕಡೆ ನಡೆಯುತ್ತದೆ.

ಶೌಚಾಲಯ?

ದಾರಿ ನಡುವೆ ಇರುವುದಿಲ್ಲ. ಕುಮಟಾ ಅಥವಾ ಗೋಕರ್ಣದಲ್ಲೇ ಮುಗಿಸಿಕೊಂಡು ಹೊರಡಿ.

ಕಾರಿಲ್ಲದೆ ಬರಬಹುದಾ?

ಬರಬಹುದು. ಬೆಂಗಳೂರಿಂದ ಕಾರವಾರಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಸಂಜೆ ಹತ್ತಿದರೆ ಬೆಳಿಗ್ಗೆ ಕುಮಟಾ. ಮಕ್ಕಳು ಮಲಗಿಕೊಂಡೇ ಬರುತ್ತಾರೆ, ಘಟ್ಟದ ತಿರುವಿನ ವಾಂತಿ ಇಲ್ಲ. ಗೋಕರ್ಣ ರೋಡ್ ಸ್ಟೇಷನ್ನಿಂದ ಊರು ಸ್ವಲ್ಪ ದೂರ, ಆಟೊ ಬೇಕು. ಕುಮಟಾ, ಗೋಕರ್ಣ, ಹೊನ್ನಾವರದ ನಡುವೆ ಸರ್ಕಾರಿ ಬಸ್ಸು ಓಡಾಡುತ್ತಲೇ ಇರುತ್ತವೆ. ರಾಜ್ಯದ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಇಟ್ಟುಕೊಳ್ಳಿ. ಯಾಣಕ್ಕೆ ಮಾತ್ರ ಬಸ್ಸು ನಂಬಿಕೊಂಡರೆ ಮಕ್ಕಳ ಜೊತೆ ಪರದಾಟ, ನಾಲ್ಕೈದು ಜನ ಸೇರಿ ಗಾಡಿ ಮಾಡಿಕೊಂಡು ಹೋಗಿ.

ಮೂರು ದಿನ ಇದೆ. ಯಾಣ, ಗೋಕರ್ಣ, ಮುರ್ಡೇಶ್ವರ, ಜೋಗ, ಶಿರಸಿ ಎಲ್ಲ ಆಗುತ್ತದಾ?

ಆಗುತ್ತದೆ, ಆದರೆ ಮಕ್ಕಳ ನೆನಪಲ್ಲಿ ಕಾರಿನ ಸೀಟು ಮಾತ್ರ ಉಳಿಯುತ್ತದೆ. ದಿನಕ್ಕೆ ಒಂದೇ ನಡಿಗೆ ಇಟ್ಟುಕೊಳ್ಳಿ. ಮೊದಲ ದಿನ ಸಂಜೆ ಮಿರ್ಜಾನ, ಎರಡನೇ ದಿನ ಬೆಳಿಗ್ಗೆ ಯಾಣ, ಮಧ್ಯಾಹ್ನ ಎಲ್ಲರೂ ನಿದ್ದೆ. ಮೂರನೇ ದಿನ ಬೆಳಕು ಹರಿಯುವಾಗ ಕುಡ್ಲೆಯಿಂದ ಓಂ. ಸಮಯ ಮಿಕ್ಕರೆ ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಗದ್ದೆಗಳ ಬದುವಿನ ಮೇಲೆ ಅರ್ಧ ಗಂಟೆ ಅಡ್ಡಾಡಿ. ಬೇಸಿಗೆಯಲ್ಲಾದರೆ ಉಪ್ಪಿನ ರಾಶಿ ಬಿದ್ದಿರುತ್ತದೆ, ಅನ್ನಕ್ಕೆ ಹಾಕುವ ಉಪ್ಪು ಹೀಗೆ ಬಿಸಿಲಲ್ಲಿ ಬೆಳೆಯುತ್ತದೆ ಎಂದು ಎಷ್ಟು ಮಕ್ಕಳಿಗೆ ಗೊತ್ತು? ಅಲ್ಲಿನ ಅಘನಾಶಿನಿ ಅಳಿವೆ (ನದಿ ಸಮುದ್ರ ಸೇರುವ ಜಾಗ) 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟೆ ಇಲ್ಲ, ನೀರಿಳಿದಾಗ ಹೆಂಗಸರು ಸೊಂಟದವರೆಗೆ ಇಳಿದು ಚಿಪ್ಪಿಕಲ್ಲು ಆರಿಸುತ್ತಾರೆ. ನಿಂತು ನೋಡಿ, ಕೇಳದೆ ಫೋಟೊ ತೆಗೆಯಬೇಡಿ.

ನಡಿಗೆ ಮುಗಿದ ಮೇಲೆ ತಿನ್ನಲು, ಕುಡಿಯಲು?

ಮುರುಗಲ (ಕೋಕಂ) ಹಣ್ಣಿನ ಶರಬತ್ತು ಕೇಳಿ ಕುಡಿಯಿರಿ, ಬಿಸಿಲಲ್ಲಿ ಬಂದವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಬೇಸಿಗೆಯಲ್ಲಿ ಹೆದ್ದಾರಿ ಪಕ್ಕ ಕುಮಟಾದ ಸಿಹಿ ಈರುಳ್ಳಿಯನ್ನು ಜಡೆ ಹೆಣೆದು ತೂಗುಹಾಕಿರುತ್ತಾರೆ, ಒಂದು ಜಡೆ ಮನೆಗೆ ಒಯ್ಯಿರಿ. ಮೇ ತಿಂಗಳಲ್ಲಿ ಬಂದವರು ಅಂಕೋಲಾದ ಕರಿ ಈಶಾಡ ಮಾವು ತಿನ್ನದೆ ಹೋಗಬೇಡಿ.

ಏನಾದರೂ ಅವಘಡ ಆದರೆ?

112ಕ್ಕೆ ಫೋನ್ ಮಾಡಿ, ಆಂಬುಲೆನ್ಸಿಗೆ 108. ಯಾಣದ ಕಾಡಲ್ಲಿ ನೆಟ್‌ವರ್ಕ್ ಸಿಗದೇ ಇರಬಹುದು, ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಉಳಿದುಕೊಂಡ ಮನೆಯಲ್ಲಿ ಹೇಳಿ ಹೊರಡಿ.

ಮಗು ಅರ್ಧ ದಾರಿಯಲ್ಲೇ ಇನ್ನು ನಡೆಯಲ್ಲ ಎಂದು ಕೂತುಬಿಟ್ಟರೆ?

ನೀವೂ ಕೂತುಕೊಳ್ಳಿ. ಹತ್ತು ನಿಮಿಷ, ನೀರು, ಒಂದು ಚಿಕ್ಕಿ. ಇನ್ನೊಂದು ಸ್ವಲ್ಪ, ಬಂದೇಬಿಟ್ಟಿತು ಎಂದು ಸುಳ್ಳು ಹೇಳಬೇಡಿ, ಎರಡನೇ ಸಲ ನಂಬುವುದಿಲ್ಲ. ಎದ್ದ ಮೇಲೂ ಬೇಡ ಎಂದರೆ ಅಲ್ಲಿಂದಲೇ ವಾಪಸ್. ನನ್ನ ಮಗಳು ಮೊದಲ ಸಲ ಯಾಣದ ಮೆಟ್ಟಿಲ ಬುಡದಲ್ಲೇ ಅಳು ಶುರುಮಾಡಿದಳು, ಬಂಡೆಯ ಹತ್ತಿರ ಹೋಗದೆ ಇಳಿದು ಬಂದೆವು. ಮರುವರ್ಷ ಅವಳೇ ಬೆಳಿಗ್ಗೆ ಆರಕ್ಕೆ ಎದ್ದು ಶೂ ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದಳು.